ಬಟ್ಟೆಯ ಕರಡಿಯೂ ಗುಡ್ಡದ ಕರಡಿಯೂ

ಅಳಿವಿನ ಅಂಚಿಗೆ ಬಂದಿರುವ ಕಾಡುಪ್ರಾಣಿಗಳ ಆಕಾರದಲ್ಲಿ ಮೆತ್ತನೆಯ ಬಟ್ಟೆಯ ಬೊಂಬೆಗಳನ್ನು ಮಾಡಿ ಮಾರುವುದು, ಮಾರಿ ಬಂದ ಹಣದಲ್ಲಿ ಒಂದಂಶವನ್ನು ಆ ಪ್ರಾಣಿಗಳ ರಕ್ಷಣೆಗೆ ವಿನಿಯೋಗಿಸುವುದು, ಇದು ಪಾಶ್ಚಾತ್ಯ ದೇಶಗಳಲ್ಲಿ ಹಲವು ದಶಕಗಳಿಂದ ನಡೆದುಬಂದಿರುವ ಪದ್ಧತಿ. ೧೯೬೧ರಲ್ಲಿ ಸ್ಥಾಪಿತವಾಗಿ, ಚೀನಾ ದೇಶದ ಪಾಂಡಾವನ್ನು ತನ್ನ ಲಾಂಛನವನ್ನಾಗಿ ಮಾಡಿಕೊಂಡ ವಿಶ್ವ ವನ್ಯಜೀವಿ ನಿಧಿಯು, ದಾನಿಗಳು ಒಂದು ಪ್ರಾಣಿಯನ್ನು ಸಾಂಕೇತಿಕವಾಗಿ ದತ್ತು ತೆಗೆದುಕೊಂಡರೆ ಅದರ ಬೊಂಬೆಯನ್ನೂ ಒಂದು ಪ್ರಮಾಣಪತ್ರವನ್ನೂ ಕಳುಹಿಸಿಕೊಡುವುದುಂಟು. ಮಕ್ಕಳು ಮಾತ್ರವಲ್ಲ, ಹಿರಿಯರೂ ಇಂಥ ಬೊಂಬೆಗಳನ್ನು ಒಂದೊಂದಾಗಿ ಕೂಡಿಹಾಕುತ್ತಾರೆ. ಈ ಪದ್ಧತಿಯು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ಪಶ್ಚಿಮ ತಾಲೂಕುಗಳಿಗೆ ಒಗ್ಗುವುದೇ, ಒಗ್ಗುವುದಾದರೆ ಯಾವ ಕಟ್ಟುಪಾಡಿನ ಮೇಲೆ, ಎಂಬುದನ್ನು ವಾಚಕರ ಮುಂದೆ ಇಡಬಯಸುತ್ತೇವೆ. ಬೊಂಬೆಯ ಮಾತು ಸಂಪಾದಕೀಯಕ್ಕೆ ತಕ್ಕುದೇ ಎಂದು ಕೆಲವರು ನಗಬಹುದು. ನಗುವ ಮುನ್ನ ಮುಂದಿನ ಸಂಗತಿಗಳನ್ನು ಪರಾಮರ್ಶಿಸಬೇಕೆಂದು ವಿನಂತಿ.

ಕೂಡ್ಲಿಗಿ ತಾಲೂಕಿನ ಗುಡೇಕೋಟೆಯು ಪಾಳೆಯಗಾರರ ಕೋಟೆಯಿಂದಲೂ, ಒನಕೆ ಓಬವ್ವನ ತವರೂರೆಂಬ ಪ್ರತೀತಿಯಿಂದಲೂ ಪ್ರಸಿದ್ಧವಾದುದು. ಆದರೆ ಆ ಬಂಡೆಗಲ್ಲಿನ ಗುಡ್ಡಗಳಿಗೆ ಮನುಷ್ಯರಿಗಿಂತ ಹಳೆಯ ಒಕ್ಕಲು ಒಂದಿದೆ. ಅದು ಕರಡಿ. ೧೯೯೪ರಲ್ಲಿ ದರೋಜಿಯಲ್ಲಿ ಕರಡಿಗಳಿಗೆಂದೇ ಒಂದು ಅಭಯಾರಣ್ಯವು ಏರ್ಪಟ್ಟಿತು. ೨೦೧೩ರಲ್ಲಿ ಗುಡೇಕೋಟೆಯ ಸುಮಾರು ೩೮ ಚದರ ಕಿಲೋಮೀಟರು ಪ್ರದೇಶವನ್ನೂ ಕರಡಿಧಾಮವೆಂದು ಸರಕಾರದವರು ಸಾರಿದರು. ಮುಂದೆ ಅದರ ಮೇರೆಯನ್ನು ವಿಸ್ತರಿಸಿದರು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರೆಯಾಯಿತಾದರೂ ಕರಡಿಗೆ ಜಿಲ್ಲೆಯ ಎಲ್ಲೆಕಲ್ಲುಗಳ ಗೊಡವೆಯಿಲ್ಲ. ಶ್ರೀರಾಮನಿಗೆ ನೆರವಾದ ಜಾಂಬವಂತನ ಕುಲವು ಕಿಷ್ಕಿಂಧೆಯ ನೆರೆಯಲ್ಲಿಯೇ ಇಂದಿಗೂ ಉಳಿದಿದೆಯೆಂಬುದು ನಮ್ಮ ಸೀಮೆಯ ಭಾಗ್ಯವೆಂದೇ ಎಣಿಸತಕ್ಕದ್ದು.

ಈ ಪ್ರಾಣಿಯ ವಿಷಯದಲ್ಲಿ ನಮ್ಮ ಪೇಟೆಯವರಿಗೆ ತಿಳಿದಿರುವುದು ಅತ್ಯಲ್ಪ. 'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ' ಎಂಬ ಗಾದೆಯಲ್ಲಿ ಅದರ ಹೆಸರನ್ನು ಹೇಳುವುದಷ್ಟೇ ನಮ್ಮ ಪರಿಚಯ. ಇಂಗ್ಲಿಷರ ಪಾಂಡಿತ್ಯವೂ ಮೊದಮೊದಲಿಗೆ ಇದಕ್ಕಿಂತ ಮೇಲಾಗಿರಲಿಲ್ಲ. ೧೭೯೧ರಲ್ಲಿ ಜಾರ್ಜ್ ಶಾ ಎಂಬ ವಿದ್ವಾಂಸನು ಇದರ ನೀಳವಾದ ಉಗುರುಗಳನ್ನು ನೋಡಿ, ಇದು ದಕ್ಷಿಣ ಅಮೆರಿಕೆಯಲ್ಲಿ ಮರಕ್ಕೆ ಜೋತುಬೀಳುವ ಸ್ಲಾತ್ ಎಂಬ ಮಂದಪ್ರಾಣಿಯ ಬಳಗವೆಂದು ನಾಮಕರಣ ಮಾಡಿದನು. ಅದರಿಂದಲೇ ಇದಕ್ಕೆ ಇಂದಿಗೂ ಸ್ಲಾತ್ ಬೇರ್ ಎಂಬ ಹೆಸರು. ವಸ್ತುತಃ ಆ ಉಗುರುಗಳಿರುವುದು ಹುತ್ತವನ್ನು ಅಗೆಯುವುದಕ್ಕೆ. ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲುಗಳಿಲ್ಲದ ಸಂದಿನಿಂದ ಉಸಿರೆಳೆದು ಗೆದ್ದಲನ್ನು ಹೀರಿ ತಿನ್ನುವ ಪ್ರಾಣಿಯಿದು. ಗೆದ್ದಲು, ಇರುವೆ, ಜೇನು, ಬೋರೆ, ಕವಳೆ, ಸೀತಾಫಲ, ಇವೇ ಇದರ ಆಹಾರ. ತಿಂದ ಹಣ್ಣಿನ ಬೀಜವನ್ನು ಗುಡ್ಡದಿಂದ ಗುಡ್ಡಕ್ಕೆ ಹರಡುವ ಕೆಲಸವೂ ಇದರದೇ. ತಾಯಿಯು ಸಾಮಾನ್ಯವಾಗಿ ಒಂದೋ ಎರಡೋ ಮರಿಗಳನ್ನು ಹೆತ್ತು, ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುವುದು. ಮರಿಯನ್ನು ಹೀಗೆ ಬೆನ್ನಮೇಲೆ ಹೊತ್ತು ಸಾಕುವುದು ಕರಡಿಗಳ ಜಾತಿಯಲ್ಲಿ ನಮ್ಮ ಕರಡಿಯ ವೈಶಿಷ್ಟ್ಯವಾಗಿದೆ.

ಇಂಥ ತಾಯಿಯ ಬೆನ್ನಿನಿಂದ ಮರಿಯನ್ನು ಕಿತ್ತು ತಂದು, ಕಾಯಿಸಿದ ಕಬ್ಬಿಣದಿಂದ ಅದರ ಮೂತಿಯನ್ನು ತೂತುಮಾಡಿ, ಹಗ್ಗ ಪೋಣಿಸಿ, ಬೀದಿಬೀದಿಗಳಲ್ಲಿ ಕುಣಿಸಿದ ಕಾಲವೊಂದಿದ್ದಿತು. ನಾವೂ ನಮ್ಮ ಹಿರಿಯರೂ ಸುತ್ತಲೂ ನಿಂತು ನೋಡಿ ಚಿಲ್ಲರೆ ಕಾಸನ್ನು ಎಸೆದೆವು; ಮಕ್ಕಳ ದೃಷ್ಟಿದೋಷಕ್ಕೆಂದು ಅದರ ಕೂದಲನ್ನು ತಾಯಿತದಲ್ಲಿಟ್ಟು ಕಟ್ಟಿದೆವು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದ ಮೇಲೆಯೂ ಈ ಆಟವು ಬಹುಕಾಲ ನಿಲ್ಲಲಿಲ್ಲ. ಏಕೆಂದರೆ ಕರಡಿಯನ್ನು ಕಿತ್ತುಕೊಂಡರೆ ಕುಣಿಸುವವನ ಹೊಟ್ಟೆಗೇನು ಎಂಬ ಪ್ರಶ್ನೆಗೆ ಶಾಸನದಲ್ಲಿ ಉತ್ತರವಿರಲಿಲ್ಲ. ವೈಲ್ಡ್‌ಲೈಫ್ ಎಸ್‌ಓಎಸ್ ಎಂಬ ಸಂಸ್ಥೆಯವರು ಕಲಂದರ ಕುಟುಂಬಗಳಿಗೆ ಬೇರೆ ಕಸುಬಿನ ಬಂಡವಾಳವನ್ನು ಕೊಟ್ಟು, ೬೦೦ಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿ ಆಗ್ರಾ, ಬನ್ನೇರುಘಟ್ಟ ಮುಂತಾದೆಡೆಗಳಲ್ಲಿ ಆಶ್ರಯವನ್ನು ಕಲ್ಪಿಸಿದ ಮೇಲೆ, ೨೦೦೯ರ ಅಂತ್ಯದಲ್ಲಿ ಕೊನೆಯ ಕುಣಿಯುವ ಕರಡಿಯನ್ನು ಒಪ್ಪಿಸಿದ್ದಾಯಿತು. ಮೃಗದ ರಕ್ಷಣೆಯಾಗಬೇಕಾದರೆ ಮೊದಲು ಮನುಷ್ಯನ ಅನ್ನದ ದಾರಿಯನ್ನು ನೋಡತಕ್ಕದ್ದೆಂಬ ಪಾಠವನ್ನು ಈ ಇತಿಹಾಸವು ಕಲಿಸುವುದು. ನಮ್ಮ ಪ್ರಕೃತ ವಿಚಾರಕ್ಕೂ ಇದೇ ಅಡಿಗಲ್ಲು.

ಬಟ್ಟೆಯ ಕರಡಿಯ ಹುಟ್ಟಿನ ಕಥೆಯೂ ಬೇಟೆಯಿಂದಲೇ ಬಂದುದು. ೧೯೦೨ರಲ್ಲಿ ಅಮೆರಿಕೆಯ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರು ಮಿಸಿಸಿಪಿ ಪ್ರಾಂತದಲ್ಲಿ ಬೇಟೆಗೆ ಹೋದಾಗ, ಪರಿವಾರದವರು ಒಂದು ಕರಡಿಯನ್ನು ಹಿಡಿದು ಮರಕ್ಕೆ ಕಟ್ಟಿ, ಇದನ್ನು ಹೊಡೆಯಬಹುದೆಂದರಂತೆ. ಕಟ್ಟಿಹಾಕಿದ ಮೃಗವನ್ನು ಹೊಡೆಯುವುದು ಶೌರ್ಯವಲ್ಲವೆಂದು ಅವರು ನಿರಾಕರಿಸಿದರು. ಇದನ್ನು ಕ್ಲಿಫರ್ಡ್ ಬೆರಿಮನ್ ಎಂಬ ವ್ಯಂಗ್ಯಚಿತ್ರಕಾರನು ಪತ್ರಿಕೆಯಲ್ಲಿ ಚಿತ್ರಿಸಿದನು. ಚಿತ್ರವನ್ನು ಕಂಡು ಬ್ರೂಕ್ಲಿನ್ನಿನ ಮಾರಿಸ್ ಮಿಚ್‌ಟಮ್ ಎಂಬ ಅಂಗಡಿಕಾರನು ಬಟ್ಟೆಯ ಕರಡಿಯೊಂದನ್ನು ಮಾಡಿ, ಅಧ್ಯಕ್ಷರ ಮುದ್ದುಹೆಸರಿನಿಂದ ಟೆಡ್ಡಿಯ ಕರಡಿಯೆಂದು ಕರೆದನು. ಅದೇ ಕಾಲಕ್ಕೆ ಜರ್ಮನಿಯ ಸ್ಟೈಫ್ ಕಾರಖಾನೆಯಲ್ಲಿಯೂ ಕೈಕಾಲು ಆಡುವ ಕರಡಿಬೊಂಬೆಯು ಸಿದ್ಧವಾಯಿತು. ಅಲ್ಲಿಂದೀಚೆಗೆ ಟೆಡ್ಡಿ ಬೇರ್ ಇಲ್ಲದ ಪೇಟೆಯಿಲ್ಲ. ಇಷ್ಟಾದರೂ ಆ ಬೊಂಬೆಗಳ ಮಾರಾಟದಿಂದ ಕಾಡಿನ ಕರಡಿಗೆ ಸಂದುದು ಬಹುಕಾಲ ಏನೂ ಇರಲಿಲ್ಲವೆಂಬುದನ್ನು ಮರೆಯಬಾರದು. ಪ್ರಾಣಿಯ ಹೆಸರಿನಿಂದ ಮನುಷ್ಯನು ವ್ಯಾಪಾರ ಮಾಡಿದನಷ್ಟೇ.

ಈ ವ್ಯಾಪಾರದಲ್ಲಿ ಇನ್ನೊಂದು ಅಪಾಯವುಂಟು. ೧೯೯೩ರಲ್ಲಿ ಅಮೆರಿಕೆಯಲ್ಲಿ ಬೀನಿ ಬೇಬಿಗಳೆಂಬ ಚಿಕ್ಕ ಬೊಂಬೆಗಳು ಹೊರಟವು. ತಯಾರಕರು ಕೆಲವು ಬೊಂಬೆಗಳನ್ನು ಬೇಕೆಂದೇ ನಿಲ್ಲಿಸಿ ದುರ್ಲಭಗೊಳಿಸಿದರು; ಜನರು ಅವು ಮುಂದೆ ಬಂಗಾರವಾಗುವುವೆಂದು ಪೆಟ್ಟಿಗೆಗಟ್ಟಲೆ ಕೊಂಡರು; ಆ ದಶಕವು ಮುಗಿಯುವಷ್ಟರಲ್ಲಿ ಭ್ರಮೆಯು ಹರಿದು ಬೆಲೆಯು ಕುಸಿಯಿತು. ೨೦೨೫ರಲ್ಲಿ ಲಬುಬು ಎಂಬ ಚೀನೀ ಬೊಂಬೆಗಾಗಿ ಜನರು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತುದನ್ನೂ ಕೇಳಿದ್ದೇವೆ. ಬೊಂಬೆಯ ವ್ಯಾಪಾರಿಗೆ ವಿರಳತೆಯೆಂದರೆ ಲಾಭ. ಕಾಡಿಗೆ ವಿರಳತೆಯೆಂದರೆ ನಾಶದ ಮುನ್ಸೂಚನೆ. ನಮ್ಮ ನೆರೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಯನ್ನು ನೆನೆಯಿರಿ. ಇಡೀ ದೇಶದಲ್ಲಿ ಕಾಡಿನಲ್ಲಿರುವ ಅವುಗಳ ಸಂಖ್ಯೆ ೨೦೦ನ್ನು ಮುಟ್ಟುವುದಿಲ್ಲ. ಆ ವಿರಳತೆಯಿಂದ ಯಾರಿಗೆ ಯಾವ ಲಾಭ? ಆದುದರಿಂದ ಬರಿಯ ಸಂಗ್ರಹದ ಚಟವನ್ನು ಬೆಳೆಸುವ ಬೊಂಬೆಯು ನಮಗೆ ಬೇಡ. ಪಾಲಿಯೆಸ್ಟರಿನ ನೂಲಿನಿಂದ ಪರದೇಶದಲ್ಲಿ ತಯಾರಾಗಿ, ನಮ್ಮ ಕೊಟ್ಟೂರೇಶ್ವರನ ತೇರಿನಲ್ಲಿಯೂ ಮೈಲಾರದ ಜಾತ್ರೆಯಲ್ಲಿಯೂ ಮಾರಾಟವಾಗಿ, ನಾಲ್ಕು ದಿನಕ್ಕೆ ತಿಪ್ಪೆಗೆ ಬೀಳುವ ಬೊಂಬೆಯಂತೂ ಬೇಡವೇ ಬೇಡ.

ಹಾಗಾದರೆ ಬೇಕಾದುದು ಯಾವುದು? ಇದಕ್ಕೆ ಉತ್ತರವನ್ನು ಕೊಡುವ ಮೊದಲು, ಕರಡಿಯು ಉಳಿದಿರುವುದು ಯಾರ ಖರ್ಚಿನಿಂದ ಎಂಬುದನ್ನು ನೋಡಬೇಕು. ಹೊಸಪೇಟೆಯಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು 'ಕರಡಿಯನ್ನು ಕಾಪಾಡಿರಿ' ಎನ್ನುವ ನಮಗೆ ಒಂದು ಕಾಸಿನ ನಷ್ಟವೂ ಇಲ್ಲ. ಗುಡ್ಡದ ಅಡಿಯ ರೈತನ ಶೇಂಗಾ ಮತ್ತು ಮೆಕ್ಕೆಜೋಳದ ಹೊಲಗಳಿಗೆ ನುಗ್ಗುವುದು ಕರಡಿ. ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬಂದಾಗ ಪಂಪು ಹಾಕಲು ಹೋದವನಿಗೆ, ನಸುಕಿನಲ್ಲಿ ಬಯಲಿಗೆ ಹೋದ ಹೆಂಗಸಿಗೆ, ಕುರಿ ಕಾಯುವ ಹುಡುಗನಿಗೆ ಎದುರಾಗುವುದು ಕರಡಿ. ಈ ಪ್ರಾಣಿಗೆ ಮೂಗು ಚುರುಕು, ಕಣ್ಣು ಮಂದ. ಹತ್ತಿರಕ್ಕೆ ಬಂದ ಮೇಲೆಯೇ ಮನುಷ್ಯನನ್ನು ಕಂಡು ಬೆದರಿ, ಓಡುವುದಕ್ಕೆ ಬದಲಾಗಿ ಮೇಲೆ ಬೀಳುವುದು. ಬಿದ್ದರೆ ಮುಖವನ್ನೇ ಹರಿಯುವುದು. ಬದುಕಿ ಉಳಿದವನು ಒಂದು ಕಣ್ಣನ್ನೋ ಮೂಗನ್ನೋ ಕಳೆದುಕೊಂಡು ದಿನಗಳನ್ನು ನೂಕಬೇಕಾಗುವುದು. ಸರಕಾರದ ಪರಿಹಾರವು ಉಂಟು, ನಿಜ. ಆದರೆ ಗಾಯಗೊಂಡವನನ್ನು ಆ ರಾತ್ರಿಯೇ ಬಳ್ಳಾರಿಗೋ ದಾವಣಗೆರೆಗೋ ಸಾಗಿಸುವ ವಾಹನದ ಬಾಡಿಗೆಗೆ, ಜೊತೆಗೆ ಹೋದವರ ಊಟಕ್ಕೆ, ಮನೆಯಲ್ಲಿ ಉಳಿದ ಮಕ್ಕಳ ಹಿಟ್ಟಿಗೆ, ಕಾಗದಪತ್ರಗಳು ಮೇಜಿನಿಂದ ಮೇಜಿಗೆ ನಡೆದುಬರುವ ತನಕ ಕಾಯಲಾಗುವುದೇ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬಂತೆ ಪೇಟೆಯ ಮಗುವಿನ ಬೊಂಬೆಯಾಟವು ಹಳ್ಳಿಯ ರೈತನ ಸಂಕಟವನ್ನು ಮರೆತು ನಡೆಯಕೂಡದು.

ಎರಡನೆಯ ಸಂಗತಿ. ನಮ್ಮ ಈ ಐದು ತಾಲೂಕುಗಳ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ವರ್ಷವರ್ಷವೂ ಜನರು ಗುಳೆ ಹೋಗುವರು. ಮಳೆ ಕೈಕೊಟ್ಟಿತೆಂದರೆ ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಮುದುಕರು ಮನೆ ಕಾಯುವರು, ಮಕ್ಕಳು ಶಾಲೆಯನ್ನು ಬಿಡುವರು. ಇದೇ ತಾಂಡಾಗಳ ಸ್ತ್ರೀಯರ ಕೈಯಲ್ಲಿ ಲೋಕವು ಮೆಚ್ಚುವ ಒಂದು ವಿದ್ಯೆಯಿದೆ. ಲಂಬಾಣಿ ಕಸೂತಿಯು ಸಂಡೂರಿನ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿದೆ. ೨೦೨೩ರ ಜುಲೈ ತಿಂಗಳಲ್ಲಿ ಜಿ-೨೦ ರಾಷ್ಟ್ರಗಳ ಪ್ರತಿನಿಧಿಗಳು ಹಂಪೆಯಲ್ಲಿ ಸೇರಿದ್ದಾಗ, ಸಂಡೂರು ಕುಶಲ ಕಲಾ ಕೇಂದ್ರದ ಸಂಬಂಧವುಳ್ಳ ೪೫೦ಕ್ಕೂ ಹೆಚ್ಚು ಮಂದಿ ಲಂಬಾಣಿ ಕುಶಲಕರ್ಮಿಗಳು ೧೭೫೫ ಕಸೂತಿಯ ತುಣುಕುಗಳನ್ನು ಪ್ರದರ್ಶನಕ್ಕೆ ಸಿದ್ಧಗೊಳಿಸಿದರು. ಅದು ಗಿನ್ನೆಸ್ ದಾಖಲೆಯಾಯಿತು. ದಾಖಲೆಯು ಗೋಡೆಯ ಮೇಲೆ ತೂಗುವುದು. ಒಲೆಯ ಮೇಲೆ ಬೇಯುವುದಿಲ್ಲ. ಆ ಸೂಜಿಗೆ ವರ್ಷವಿಡೀ ಕೆಲಸವನ್ನು ಒದಗಿಸುವುದು ಹೇಗೆಂಬುದೇ ನಿಜವಾದ ಪ್ರಶ್ನೆ.

ಈ ಎರಡು ಸಂಕಟಗಳನ್ನೂ ಒಂದೇ ದಾರದಿಂದ ಹೊಲಿಯಬಹುದೆಂಬುದು ನಮ್ಮ ಸೂಚನೆ. ಬೆನ್ನ ಮೇಲೆ ಎರಡು ಮರಿಗಳನ್ನು ಹೊತ್ತ, ಎದೆಯ ಮೇಲೆ ಬಿಳಿಯ ಗುರುತುಳ್ಳ ನಮ್ಮ ಗುಡ್ಡದ ತಾಯಿಕರಡಿಯ ಬೊಂಬೆಯನ್ನು ಕೂಡ್ಲಿಗಿ ಸೀಮೆಯ ಲಂಬಾಣಿ ತಾಯಂದಿರೇ ಮಾಡಲಿ. ಬಟ್ಟೆಯು ಖಾದಿಯಾಗಲಿ, ಒಳಗಿನ ತುಂಬುವಿಕೆಯು ಹತ್ತಿಯ ಅರಳೆಯಾಗಲಿ, ಕಣ್ಣುಗಳು ಮಗುವು ಕಿತ್ತು ನುಂಗಬಹುದಾದ ಗುಂಡಿಗಳಾಗದೆ ಕಸೂತಿಯ ದಾರದವಾಗಲಿ. ಮಹಾತ್ಮರ ಚಿತಾಭಸ್ಮವನ್ನಿಟ್ಟು ಸ್ಮಾರಕವನ್ನು ಕಟ್ಟಿದ ಕೂಡ್ಲಿಗಿಗೆ ಖಾದಿಯ ಮಹತ್ವವನ್ನು ನಾವು ಹೇಳಿಕೊಡಬೇಕಾದುದಿಲ್ಲ. ೨೦೨೧ರ ಜನವರಿಯಿಂದ ಆಟಿಕೆಗಳಿಗೆ ಗುಣಮುದ್ರೆಯು ಕಡ್ಡಾಯವಾಗಿದೆಯಾದರೂ, ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಸರಕಿಗೆ ಕೇಂದ್ರ ಸರಕಾರದವರು ವಿನಾಯಿತಿಯನ್ನು ಕೊಟ್ಟಿದ್ದಾರೆ. ಅಧಿಕಾರಿಗಳು ತಾಂಡಾಗಳಿಗೆ ಹೋಗಿ ಈ ನೋಂದಣಿಯನ್ನು ಮಾಡಿಸಿಕೊಟ್ಟರೆ ಅದೊಂದೇ ದೊಡ್ಡ ಉಪಕಾರವಾದೀತು.

ಇದು ಗಾಳಿಗೋಪುರವಲ್ಲ. ನೀಲಗಿರಿಯ ಗೂಡಲೂರಿನ ಸುತ್ತಲಿನ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಮುಂತಾದ ಗಿರಿಜನರು, ಕಾಡನ್ನು ನುಂಗುತ್ತಿರುವ ಲಂಟಾನಾ ಎಂಬ ಪರದೇಶದ ಕಳೆಯ ಕಡ್ಡಿಗಳಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಕಟ್ಟಿದರು. ಆ ಆನೆಗಳು ೨೦೨೧ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ೨೦೨೪ರಲ್ಲಿ ಅಮೆರಿಕೆಯ ನಗರಗಳಿಗೆ ಹೊರಟವು. ಅಲ್ಲಿಯ ಸಿರಿವಂತರು ಅವನ್ನು ಕೊಂಡರು. ಹಣವು ಕಟ್ಟಿದವರ ಕೂಲಿಗೂ ವನ್ಯಜೀವಿಗಳ ರಕ್ಷಣೆಗೂ ಸಂದಿತು. ನಮ್ಮ ಮಲೆಮಹದೇಶ್ವರ ಬೆಟ್ಟದ ಸೋಲಿಗರೂ ಇದೇ ಲಂಟಾನಾದಿಂದ ಕುರ್ಚಿ ಬುಟ್ಟಿಗಳನ್ನು ಮಾಡಲು ಕಲಿತಿರುವರು. ಆನೆಯ ಜೊತೆಯಲ್ಲಿ ಬಾಳುವವರೇ ಆನೆಯ ಪ್ರತಿಮೆಯನ್ನು ಮಾಡಿದರೆಂಬುದರಲ್ಲಿ ಆ ಕೆಲಸದ ಸತ್ತ್ವವೆಲ್ಲವೂ ಇದೆ. ಕರಡಿಯ ಜೊತೆಯಲ್ಲಿ ಬಾಳುವವರು ಕರಡಿಯನ್ನು ಹೊಲಿಯಲಾರರೇ?

ಇನ್ನು ಹಣದ ಮಾತು. ಪರೋಪಕಾರದ ಹೆಸರಿನ ಹಣವು ದಾರಿಯಲ್ಲಿ ಸೋರಿಹೋಗುವುದನ್ನು ಲೋಕವು ಬಹಳ ಕಂಡಿದೆ. ಆದುದರಿಂದ ಪ್ರತಿಯೊಂದು ಬೊಂಬೆಯ ಕೊರಳಿನ ಚೀಟಿಯಲ್ಲಿ, ಹೊಲಿದ ಸಂಘದ ಹೆಸರು, ಅವರಿಗೆ ಸಂದ ಕೂಲಿ, ಕರಡಿಯ ನಿಧಿಗೆ ಸಂದ ಹಣ, ಈ ಮೂರನ್ನೂ ಕನ್ನಡದಲ್ಲಿ ಅಚ್ಚುಹಾಕತಕ್ಕದ್ದು. 'ಒಂದಂಶ' ಎಂಬ ಅಸ್ಪಷ್ಟವಾದ ಮಾತು ಕೂಡದು. ಇಷ್ಟು ರೂಪಾಯಿ ಎಂಬ ಅಂಕಿಯೇ ಬೇಕು. ನಿಧಿಯನ್ನು ಇಡುವುದಕ್ಕೆ ಹೊಸ ಸಮಿತಿಯೊಂದನ್ನು ಕಟ್ಟಿ, ಅಧ್ಯಕ್ಷಗಿರಿಗೆ ಕಾದಾಡುವ ಅವಶ್ಯಕತೆಯಿಲ್ಲ. ೨೦೦೨ರ ಜೀವವೈವಿಧ್ಯ ಶಾಸನದ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರತಕ್ಕದ್ದು. ಅದಕ್ಕೆ ಸ್ಥಳೀಯ ನಿಧಿಯ ಏರ್ಪಾಡೂ ಅದೇ ಶಾಸನದಲ್ಲಿದೆ. ಕಾಗದದ ಮೇಲೆ ಮಲಗಿರುವ ಆ ಸಮಿತಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸವು ದೊರೆಯದು. ನಿಧಿಯ ಅರ್ಧವು ಕರಡಿಯಿಂದ ಗಾಯಗೊಂಡವರ ತತ್ಕ್ಷಣದ ಸಹಾಯಕ್ಕೆ. ಉಳಿದರ್ಧವು ಗುಡ್ಡದಲ್ಲಿ ಬೋರೆ, ಕವಳೆ, ಸೀತಾಫಲಗಳ ಗಿಡಗಳನ್ನು ಬೆಳೆಸುವುದಕ್ಕೆ, ಬೇಸಗೆಯ ಬೆಂಕಿಯನ್ನು ತಡೆಯುವುದಕ್ಕೆ. ವರ್ಷಕ್ಕೆರಡು ಸಲ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳತಕ್ಕದ್ದು.

ಇಂಥ ಬೊಂಬೆಯನ್ನು ಕಂಡು ಮಕ್ಕಳು ಕರಡಿಯನ್ನು ಸಾಧುಪ್ರಾಣಿಯೆಂದು ತಿಳಿದು ಮೋಸಹೋದಾರೆಂಬ ಆಕ್ಷೇಪವು ಬರಬಹುದು. ಆಕ್ಷೇಪವು ಯುಕ್ತವಾದುದೇ. ಆದುದರಿಂದಲೇ ಚೀಟಿಯ ಹಿಂಬದಿಯಲ್ಲಿ ಕರಡಿಯಿಂದ ದೂರವಿರುವ ಬಗೆಯನ್ನು ಅಚ್ಚಿಸಬೇಕು: ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಗುಡ್ಡದ ಕಡೆಗೆ ಒಬ್ಬರೇ ಹೋಗಬಾರದು, ಹೋಗುವಾಗ ಸದ್ದುಮಾಡುತ್ತ ಹೋಗಬೇಕು, ಮರಿಗಳೊಡನಿರುವ ತಾಯಿಯನ್ನು ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲಬಾರದು. ಭಯವೊಂದೇ ಇದ್ದಲ್ಲಿ ಜನರು ಗುಂಪುಗೂಡಿ ಕರಡಿಯನ್ನು ಹೊಡೆಯಲು ಹೋಗುವರು. ಮುದ್ದೊಂದೇ ಇದ್ದಲ್ಲಿ ಹತ್ತಿರಕ್ಕೆ ಹೋಗಿ ಕೆಡುವರು. ಪ್ರೀತಿಯೂ ಅಂತರವೂ ಎರಡೂ ಬೇಕೆಂಬುದನ್ನು ಚಿಕ್ಕಂದಿನಲ್ಲಿಯೇ ಕಲಿಸಲು ಬೊಂಬೆಯು ಒಂದು ಪಠ್ಯಪುಸ್ತಕವಾಗಬಲ್ಲದು.

ಕರಡಿಯೊಂದೇ ಏಕೆ ಎಂದು ಉಳಿದ ತಾಲೂಕಿನವರು ಕೇಳುವರು. ಕೇಳಲಿ, ಸಂಗ್ರಹದ ಹವ್ಯಾಸವು ಒಳ್ಳೆಯದಕ್ಕೆ ಒದಗುವುದು ಇಲ್ಲಿಯೇ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯಲ್ಲಿ ೩೦,೦೦೦ಕ್ಕೂ ಹೆಚ್ಚು ನೀರುಹಕ್ಕಿಗಳು ತಂಗುವುವು. ಸುಮಾರು ೯೮ ಹೆಕ್ಟೇರಿನ ಆ ಪಕ್ಷಿತಾಣವು ೨೦೨೪ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿಯ ಬಣ್ಣದ ಕೊಕ್ಕರೆಗೆ ಲಂಬಾಣಿ ಕಸೂತಿಗಿಂತ ಒಪ್ಪುವ ಉಡುಗೆ ಯಾವುದು? ತುಂಗಭದ್ರೆಯ ದಂಡೆಯ ಹಡಗಲಿಯವರು ನೀರುನಾಯಿಯನ್ನು ಮಾಡಲಿ. ಅದೇ ಹೊಳೆಯ ಕೆಳಭಾಗದಲ್ಲಿ ಕಂಪ್ಲಿಯವರೆಗಿನ ಪಾತ್ರವು ೨೦೧೫ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶವಾಗಿದೆ. ಹರಪನಹಳ್ಳಿಯವರು, ಹೊಳೆಯಾಚೆಯ ರಾಣೆಬೆನ್ನೂರಿನಲ್ಲಿ ೧೯೭೪ರಿಂದ ಆಶ್ರಯವನ್ನು ಪಡೆದಿರುವ ಕೃಷ್ಣಮೃಗವನ್ನು ಆರಿಸಿಕೊಳ್ಳಬಹುದು. ಕೊಟ್ಟೂರಿನವರು, ಕುರಿಗಾರರ ಹಗೆಯೆನಿಸಿಯೂ ಈ ಬಯಲಿನ ಸಂಗಾತಿಯಾಗಿರುವ ತೋಳವನ್ನು ತೆಗೆದುಕೊಳ್ಳಲಿ. ಐದು ತಾಲೂಕು, ಐದು ಪ್ರಾಣಿ. ಹಂಪೆಯನ್ನು ನೋಡಲು ಬರುವ ಪ್ರವಾಸಿಗಳೂ ಕಮಲಾಪುರದ ಮೃಗಾಲಯಕ್ಕೆ ಬರುವ ಮಕ್ಕಳೂ ಐದನ್ನೂ ಕೂಡಿಸುವ ಆಸೆಯಿಂದ ಐದು ತಾಲೂಕುಗಳ ಹೆಸರನ್ನಾದರೂ ಕಲಿತಾರು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಸ್ಪಷ್ಟವಾಗಿ ಹೇಳತಕ್ಕದ್ದು. ಬೊಂಬೆಯು ಕರಡಿಯನ್ನು ಉಳಿಸಲಾರದು, ಗುಡ್ಡವು ಉಳಿಸಬಲ್ಲದು. ಬಂಡೆಯನ್ನು ಸೀಳಿ ಕಲ್ಲನ್ನು ಸಾಗಿಸಿದರೆ, ಕರಡಿಯ ಗವಿಯು ಹೋದ ಮೇಲೆ, ಎಷ್ಟು ಬೊಂಬೆಗಳನ್ನು ಹೊಲಿದರೇನು? ಅಭಯಾರಣ್ಯದ ಮೇರೆಯನ್ನು ಭದ್ರವಾಗಿಡುವುದು, ಅದರ ಅಂಚಿನ ಹಳ್ಳಿಗಳ ರೈತರಿಗೆ ಹಗಲಿನಲ್ಲಿಯೇ ಮೂರು ಫೇಸಿನ ವಿದ್ಯುತ್ತನ್ನು ಕೊಡುವುದು, ಮನೆಮನೆಗೆ ಬಳಕೆಗೆ ಬರುವ ಶೌಚಾಲಯವನ್ನು ಕಟ್ಟಿಸುವುದು, ಪರಿಹಾರದ ಹಣವನ್ನು ವಿಳಂಬವಿಲ್ಲದೆ ಸಲ್ಲಿಸುವುದು, ಇವು ಸರಕಾರದ ಕರ್ತವ್ಯಗಳು. ಜನರು ಬೊಂಬೆಯನ್ನು ಕೊಂಡರೆಂಬ ನೆವದಿಂದ ಸರಕಾರದವರು ಈ ಹೊಣೆಯಿಂದ ಜಾರಿಕೊಳ್ಳುವಂತಾಗಬಾರದು. ಬೊಂಬೆಯ ಹಣವು ಕರ್ತವ್ಯಕ್ಕೆ ಬದಲಾಗಿ ಅಲ್ಲ, ಕರ್ತವ್ಯದ ಮೇಲಿನ ಕಾಣಿಕೆಯಾಗಿ ಬರತಕ್ಕದ್ದು.

ನಮ್ಮ ಕರಡಿಯು ಇನ್ನೂ ಎರೆಭೂತದ ದುರ್ಗತಿಗೆ ಬಂದಿಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಪಾಯದ ಅಂಚಿನ ಪ್ರಾಣಿಯೆಂದು ನಮೂದಾಗಿದೆ. ಕಾಪಾಡಲು ಕಾಲವು ಉಳಿದಿದೆಯೆಂದು ಇದರ ಅರ್ಥ. ಈ ಕಾಲವನ್ನು ಸದುಪಯೋಗಪಡಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮುಂಬರುವ ಕೊಟ್ಟೂರಿನ ತೇರಿಗೆ ಮೊದಲು ಒಂದು ತಾಂಡಾದಲ್ಲಿ ಒಂದು ನೂರು ಬೊಂಬೆಗಳನ್ನಾದರೂ ಹೊಲಿಸಿ, ತೇರಿನಲ್ಲಿ ಒಂದು ಅಂಗಡಿಯನ್ನು ತೆರೆದು, ಲೆಕ್ಕವನ್ನು ಊರಿಗೆ ತೋರಿಸುವ ಹೊಣೆಯನ್ನು ನಮ್ಮ ವರ್ತಕ ಸಂಘದವರೂ ಉಪಾಧ್ಯಾಯರೂ ತಾಲೂಕಿನ ಅಧಿಕಾರಿಗಳೂ ವಹಿಸಿಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ. ಲೆಕ್ಕವನ್ನು ಈ ಪತ್ರಿಕೆಯ ಅಂಕಣಗಳಲ್ಲಿ ಪುಕ್ಕಟೆಯಾಗಿ ಪ್ರಕಟಿಸುವ ಹೊಣೆಯು ನಮ್ಮದು. ಹನಿ ಹನಿ ಕೂಡಿದರೆ ಹಳ್ಳವಾದೀತು. ಗುಳೆಯ ಗಾಡಿಯನ್ನು ಏರಬೇಕಾಗಿದ್ದ ಒಬ್ಬ ತಾಯಿಯು ತನ್ನ ಮಕ್ಕಳೊಡನೆ ಮನೆಯಲ್ಲಿಯೇ ಉಳಿದರೂ, ಕರಡಿಯ ಉಗುರಿಗೆ ಸಿಕ್ಕ ಒಬ್ಬ ರೈತನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಯನ್ನು ಸೇರಿದರೂ, ಆ ನೂರು ಬೊಂಬೆಗಳ ಶ್ರಮವು ಸಾರ್ಥಕವಾದಂತೆಯೇ ಸರಿ.